ಕ್ಯಾಲಥಿಯಾ ಎಲೆ ಸುಡುತ್ತಿದೆಯಾ? ಚೊಂಬು ಕೆಳಗಿಟ್ಟು ಮೊದಲು ಇದನ್ನು ನೋಡಿ

ಎಲೆಯ ತುದಿ ಒಣಗಿದ್ದು ಕಂಡರೆ ನಮ್ಮ ಕೈ ತಾನಾಗಿ ಚೊಂಬಿನ ಕಡೆ ಹೋಗುತ್ತದೆ. ಕಲಬುರಗಿಯಲ್ಲಿ ಬೆಳೆದವರಿಗೆ ಇದು ಸಹಜ. ಇಲ್ಲಿ ಏಪ್ರಿಲ್ ಬಂತೆಂದರೆ ಮನುಷ್ಯರಿಗೆ, ದನಕ್ಕೆ, ಕಟ್ಟೆಯ ತುಳಸಿಗೆ, ಎಲ್ಲಕ್ಕೂ ನೀರಡಿಕೆ. ಆದರೆ ಮನೆಯೊಳಗೆ ಅಂದಕ್ಕೆ ಇಡುವ ಕ್ಯಾಲಥಿಯಾ ಗಿಡಕ್ಕೆ ಆ ಚೊಂಬು ನೀರೇ ಎಷ್ಟೋ ಸಲ ರೋಗವಾಗಿರುತ್ತದೆ. ನಾನು ಮೂರು ಗಿಡ ತಂದಿದ್ದೆ, ಎರಡು ಉಳಿದಿವೆ. ಹೋದ ಗಿಡ ನೀರಿಲ್ಲದೆ ಹೋಗಲಿಲ್ಲ. ದಿನಾ ನೀರು ಕುಡಿದೇ ಹೋಯಿತು. ನಿಮ್ಮ ಗಿಡಕ್ಕೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಗಿಡದ ಬಗ್ಗೆ ಸ್ವಲ್ಪ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಇದು ದಕ್ಷಿಣ ಅಮೆರಿಕದ ಮಳೆಕಾಡಿನ ಗಿಡ. ದೊಡ್ಡ ಮರಗಳ ಕೆಳಗೆ, ನೆರಳಲ್ಲಿ, ಸದಾ ಹಸಿ ಗಾಳಿಯಲ್ಲಿ ಬೆಳೆಯುತ್ತದೆ. ಅಲ್ಲಿ ಅದಕ್ಕೆ ಸಿಗುವುದು ಬರೀ ಮಳೆ ನೀರು. ಅರಾರೂಟ್ ಹಿಟ್ಟು ಕೊಡುವ ಗಿಡ ಇದರದೇ ಕುಟುಂಬ. 2012ರಲ್ಲಿ ಸಸ್ಯವಿಜ್ಞಾನಿಗಳು ಇವುಗಳಲ್ಲಿ ಬಹಳಷ್ಟನ್ನು ಗೋಪರ್ಟಿಯಾ ಎಂಬ ಹೆಸರಿನಡಿ ಸೇರಿಸಿದರು. ಆದರೆ ನರ್ಸರಿಯಲ್ಲಿ ಕ್ಯಾಲಥಿಯಾ ಅಂದರೇ ಗೊತ್ತಾಗುತ್ತದೆ. ನನ್ನ ಹತ್ತಿರ ಇರುವುದು ಮಕೊಯಾನಾ ಎಂಬ ಜಾತಿ. ನವಿಲುಗರಿಯ ಹಾಗೆ ಎಲೆ, ಹಿಂಬದಿ ನೇರಳೆ.

ಇದರ ಇನ್ನೊಂದು ಗುಣ ನಮ್ಮ ಪರೀಕ್ಷೆಗೆ ಬಹಳ ಉಪಯೋಗಕ್ಕೆ ಬರುತ್ತದೆ. ಎಲೆ ಮತ್ತು ತೊಟ್ಟು ಸೇರುವ ಕಡೆ ಬೆರಳಿನ ಗೆಣ್ಣಿನಂಥ ಒಂದು ಉಬ್ಬು ಇದೆ. ಅದರೊಳಗೆ ನೀರಿನ ಒತ್ತಡ ಬದಲಾದ ಹಾಗೆ ಎಲೆ ರಾತ್ರಿ ಮೇಲೇಳುತ್ತದೆ, ಬೆಳಿಗ್ಗೆ ಹರಡಿಕೊಳ್ಳುತ್ತದೆ. ರಾತ್ರಿ ಊಟ ಆದ ಮೇಲೆ ಒಮ್ಮೆ ನೋಡಿ. ಎಲೆಗಳು ಎದ್ದು ನೇರಳೆ ಬೆನ್ನು ಕಾಣುತ್ತಿದ್ದರೆ ಬೇರಿಗೆ ಇನ್ನೂ ಜೀವ ಇದೆ ಅಂತ ಹೆಚ್ಚಿನ ಮಟ್ಟಿಗೆ ನಂಬಬಹುದು. ಮೂರು ನಾಲ್ಕು ರಾತ್ರಿ ಅಲುಗಾಡದೆ ನಿಂತಿದ್ದರೆ ಗಿಡಕ್ಕೆ ನೀರು ಏರುತ್ತಿಲ್ಲ, ಇಲ್ಲವೇ ಬೆಳಕು ಸಾಲುತ್ತಿಲ್ಲ.

ಮೊದಲ ಐದು ನಿಮಿಷ

ಏನನ್ನೂ ಸುರಿಯುವ ಮೊದಲು, ಎಲೆ ಕತ್ತರಿಸುವ ಮೊದಲು, ಇಷ್ಟು ಮಾಡಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಮೇಲೆ ಒಣಗಿದ್ದರೂ ಒಳಗೆ ಒದ್ದೆ ಇರಬಹುದು. ಆಮೇಲೆ ಕುಂಡ ಎತ್ತಿ ನೋಡಿ. ನೀರು ಕುಡಿದ ಕುಂಡದ ಭಾರ, ಒಣಗಿದ ಕುಂಡದ ಭಾರ ಎರಡೂ ನಾಲ್ಕು ಸಲ ಎತ್ತಿದರೆ ಕೈಗೆ ಗೊತ್ತಾಗುತ್ತದೆ. ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ? ಕೆಳಗಿನ ತೂತಿಗೆ ಮೂಗು ಹಿಡಿದರೆ ಹಸಿ ಮಣ್ಣಿನ ವಾಸನೆಯಾ, ಚರಂಡಿ ವಾಸನೆಯಾ? ಕೊನೆಗೆ ಎಲೆಯ ಬೆನ್ನು. ಕಿಟಕಿಗೆ ಹಿಡಿದು ನೋಡಿ.

ಇನ್ನು ಕಲೆ ಎಲೆಯ ಯಾವ ಭಾಗದಲ್ಲಿದೆ ಅನ್ನೋದು ಮುಖ್ಯ. ತುದಿ ಮತ್ತು ಅಂಚು ಸುಟ್ಟಿದ್ದರೆ ಒಂದು ದಾರಿ. ನಡುವೆ ಬಿಳಿಚಿದ್ದರೆ ಬೇರೆ ದಾರಿ. ಕೆಳಗಿನ ಎಲೆ ಹಳದಿಯಾಗಿ ಮೆತ್ತಗಾಗಿದ್ದರೆ ಅದು ಮತ್ತೊಂದು.

ತುದಿ, ಅಂಚು ಸುಟ್ಟಿದ್ದರೆ ಮೊದಲು ನೀರನ್ನೇ ಅನುಮಾನಿಸಿ

ನಮ್ಮ ಭಾಗದಲ್ಲಿ ಹತ್ತರಲ್ಲಿ ಏಳೆಂಟು ಸಲ ದೋಷ ಇಲ್ಲೇ ಇರುತ್ತದೆ ಅಂತ ನನ್ನ ಅನುಭವ. ನೀರು ಎಷ್ಟು ಹಾಕಿದಿರಿ ಅನ್ನೋದಲ್ಲ, ಎಂಥ ನೀರು ಹಾಕಿದಿರಿ ಅನ್ನೋದು ಪ್ರಶ್ನೆ.

ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಕಡೆ ನೆಲದಡಿ ಸುಣ್ಣದ ಕಲ್ಲಿದೆ. ಅದಕ್ಕೇ ಅಲ್ಲಿ ಅಷ್ಟು ಸಿಮೆಂಟ್ ಕಾರ್ಖಾನೆಗಳು. ಮನೆಯಲ್ಲಿ ಹಾಸಿರುವ ಪರಸಿ ಕೂಡ ಅದೇ ಸುಣ್ಣದ ಕಲ್ಲು. ನಿಂಬೆ ರಸ ಬಿದ್ದರೆ ಹೊಳಪು ಹೋಗುವುದು ಅದಕ್ಕೇ. ಇಂಥ ಕಲ್ಲಿನ ಸಂದಿಯಲ್ಲಿ ಹರಿದು ಬಂದ ಬೋರ್ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಸ್ನಾನದ ಬಕೆಟ್ಟಿಗೆ, ನೀರು ಕಾಯಿಸುವ ಹಂಡೆಗೆ ಬಿಳಿ ಪದರ ಕಟ್ಟುತ್ತದಲ್ಲ, ಅದು ಇದೇ. ಯಾದಗಿರಿ, ಕಲಬುರಗಿಯ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಕ್ಯಾಲಥಿಯಾಕ್ಕೆ ಅದೂ ಆಗುವುದಿಲ್ಲ.

ಪಕ್ಕದ ಮನೆಯ ಅಕ್ಕ ಹೋದ ಮೇ ತಿಂಗಳಲ್ಲಿ ತಮ್ಮ ಗಿಡ ಎತ್ತಿಕೊಂಡೇ ಬಂದರು. "ದಿನಾ ನೀರ್ ಹಾಕ್ತೀನಿ ತಂಗೀ, ಆದ್ರೂ ಸುಡ್ಲಕತ್ತದ ನೋಡು" ಅಂದರು. ಎಲೆಯ ಸುತ್ತ ಬೆರಳಗಲ ಕಂದು ಅಂಚು, ಅದರ ಒಳಗೆ ಸಣ್ಣ ಹಳದಿ ಗೆರೆ. ಮಣ್ಣು ಒದ್ದೆಯೇ ಇತ್ತು. ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ. ಯಾವ ನೀರು ಅಂತ ಕೇಳಿದೆ. ಕೂಲರ್ ತೊಳೆಯುವಾಗ ಉಳಿದ ನೀರು, ಚೆಲ್ಲೋದು ಯಾಕೆ ಅಂತ ಗಿಡಕ್ಕೆ ಹಾಕುತ್ತಿದ್ದರು. ನನ್ನ ಮೂರನೇ ಗಿಡ ಹೋದದ್ದೂ ಇದೇ ನೀರಿನಿಂದ. ನೀರಿಗೆ ಬರ ಇರುವ ಊರಲ್ಲಿ ಯಾರಿಗಾದರೂ ಇದು ಒಳ್ಳೆಯ ಕೆಲಸ ಅಂತಲೇ ಅನಿಸುತ್ತದೆ, ಅಲ್ವಾ?

ಕೂಲರಿನಲ್ಲಿ ಆಗುವುದು ಇಷ್ಟು. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮರುದಿನ ಮತ್ತೆ ಬೋರ್ ನೀರು ತುಂಬುತ್ತೇವೆ, ಮತ್ತೆ ಆವಿ, ಮತ್ತೆ ಉಪ್ಪು. ನಮ್ಮ ಬೋರ್ ನೀರು ಟಿಡಿಎಸ್ ಮೀಟರಿನಲ್ಲಿ, ಅಂದರೆ ನೀರಲ್ಲಿ ಕರಗಿದ ಉಪ್ಪು ಅಳೆಯುವ ಮೀಟರಿನಲ್ಲಿ, 1,100 ತೋರಿಸಿತು. ಐದು ದಿನ ಓಡಿದ ಕೂಲರ್ ಟ್ಯಾಂಕಿನ ನೀರು 3,000 ದಾಟಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 2,000ದವರೆಗೆ. ಮಳೆ ನೀರಿನ ಗಿಡಕ್ಕೆ ನಾವು ಕೊಟ್ಟದ್ದು ಇದಕ್ಕೂ ಮೇಲಿನ ಸವಳು ನೀರು.

ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಅಕ್ಕನಿಗೆ ನಾನು ತೋರಿಸಿದ್ದು ತಾಟಿನ ಪರೀಕ್ಷೆ. ತೊಳೆದು ಒರೆಸಿದ ಸ್ಟೀಲ್ ತಾಟಿನಲ್ಲಿ ಬೇರೆ ಬೇರೆ ಕಡೆ ಒಂದೊಂದು ಚಮಚ ನೀರು ಹಾಕಿದೆವು. ಬೋರ್ ನೀರು, ನಳದ ನೀರು, ಕೂಲರ್ ನೀರು, ಆರ್‌ಓ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು. ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆವು. ನಮ್ಮ ಬಿಸಿಲಿಗೆ ಎಷ್ಟು ಹೊತ್ತು ಬೇಕು? ಚಾ ಕುಡಿದು ಮಾತಾಡಿ ಬರುವಷ್ಟರಲ್ಲಿ ಎಲ್ಲ ಒಣಗಿತ್ತು. ಎಸಿ ನೀರಿನ ಜಾಗ ಯಾವುದು ಅಂತಲೇ ಗೊತ್ತಾಗಲಿಲ್ಲ. ಆರ್‌ಓ ನೀರಿನದು ಉಸಿರು ತಾಗಿದ ಕನ್ನಡಿಯಷ್ಟು ಮಸುಕು. ನಳದ ನೀರು ತೆಳು ಉಂಗುರ ಬಿಟ್ಟಿತ್ತು. ಬೋರ್ ನೀರಿನದು ಉಗುರಿಗೆ ಸಿಗುವ ಬಿಳಿ ಉಂಗುರ. ಕೂಲರ್ ನೀರಿನದು ಸುಣ್ಣ ಬಳಿದ ಹಾಗೆ ದಪ್ಪ, ಕೆರೆದರೆ ಪುಡಿ ಏಳುತ್ತಿತ್ತು. ಅಕ್ಕ ತಾಟನ್ನು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಎಲೆಯ ಅಂಚಿನಲ್ಲಿ ಆಗುವುದೂ ಇದೇ. ಬೇರು ಎಳೆದ ನೀರು ಎಲೆಯವರೆಗೆ ಬಂದು ಆವಿಯಾಗುತ್ತದೆ. ಜೊತೆಗೆ ಬಂದ ಉಪ್ಪು, ಫ್ಲೋರೈಡ್ ತುದಿಯಲ್ಲಿ ಮತ್ತು ಅಂಚಿನಲ್ಲಿ ಸೇರಿಕೊಳ್ಳುತ್ತಾ ಹೋಗುತ್ತವೆ. ಹಳೆಯ ಎಲೆ ಮೊದಲು ಸುಡುವುದು ಇದಕ್ಕೇ. ಅದು ಹೆಚ್ಚು ದಿನ ನೀರು ಎಳೆದಿದೆ.

ಈಗ ಪರಿಹಾರ. ಆರು ಇಂಚಿನ ಕುಂಡ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಅದರ ಮೂರು ಪಟ್ಟು, ಅಂದರೆ ಆರು ಲೀಟರ್ ಮಳೆ ನೀರು ಅಥವಾ ಆರ್‌ಓ ನೀರನ್ನು ನಿಧಾನವಾಗಿ ಮಣ್ಣಿನ ಮೂಲಕ ಇಳಿಸಿ. ಬಚ್ಚಲಲ್ಲಿ ಇಟ್ಟು ಮಾಡಿದರೆ ಸುಲಭ. ಬಿಳಿ ಪೊರೆ ಇದ್ದರೆ ಮೊದಲು ಮೇಲಿನ ಅರ್ಧ ಇಂಚು ಮಣ್ಣು ತೆಗೆದು ಎಸೆಯಿರಿ. ಪೂರ್ತಿ ಬಸಿಯಲಿ. ಕೆಳಗಿನ ತಟ್ಟೆಯಲ್ಲಿ ಒಂದು ಹನಿಯೂ ನಿಲ್ಲಬಾರದು. ಬಸಿದ ನೀರನ್ನು ಗಿಡ ಮತ್ತೆ ಎಳೆದುಕೊಂಡರೆ ಮಾಡಿದ ಕೆಲಸ ನೀರುಪಾಲು. ಒಂದು ತಿಂಗಳು ಗೊಬ್ಬರ ಬೇಡ. ಗೊಬ್ಬರವೂ ಉಪ್ಪೇ. ಜಾಸ್ತಿ ಹಾಕಿದರೆ ಎಲೆ ಹೀಗೆಯೇ ಸುಡುತ್ತದೆ. ಮುಂದೆ ಕೊಡುವಾಗಲೂ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿರುವ) ಗೊಬ್ಬರದ ಪುಡಿ ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ, ಅದೂ ಗಿಡ ಬೆಳೆಯುವ ಮಳೆಗಾಲದಲ್ಲಿ ಮಾತ್ರ.

ಜನ ಹೇಳುವ ಕೆಲವು ಉಪಾಯ ಇಲ್ಲಿ ಕೆಲಸ ಮಾಡುವುದಿಲ್ಲ. ನೀರನ್ನು ರಾತ್ರಿ ಇಡೀ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಸುಣ್ಣ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ಸುಣ್ಣ ಸ್ವಲ್ಪ ತಳಕ್ಕೆ ಇಳಿಯುತ್ತದೆ, ಫ್ಲೋರೈಡ್ ಹಾಗೇ ಇರುತ್ತದೆ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಯಂತ್ರದ ನೀರು ಸೋಪಿಗೆ ಒಳ್ಳೆಯದು, ಗಿಡಕ್ಕೆ ಇನ್ನೂ ಕೆಟ್ಟದ್ದು. ಅದು ಸುಣ್ಣ ತೆಗೆದು ಸೋಡಿಯಂ ಕೊಡುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರಂತೂ ಬೇಡವೇ ಬೇಡ. ನೆಲ ಒರೆಸಲು ಇಟ್ಟುಕೊಳ್ಳಿ.

ನೀರು ಚೆನ್ನಾಗಿದ್ದೂ ಅಂಚು ಒಣಗಿದರೆ

ಹಾಗಾದರೆ ಗಾಳಿ. ಗುರುತು ಹೀಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಜಾಸ್ತಿ ಆಗುತ್ತದೆ. ಹೊಸ ಎಲೆ ಸುರುಳಿಯಲ್ಲೇ ಸಿಕ್ಕಿಕೊಂಡು ಬಿಚ್ಚಲು ಒದ್ದಾಡುತ್ತದೆ. ಫ್ಯಾನಿಗೆ ಮುಖ ಮಾಡಿದ ಬದಿ ಹೆಚ್ಚು ಸುಟ್ಟಿರುತ್ತದೆ. ಮೇ ಮಧ್ಯಾಹ್ನ ಹೊರಗೆ 43 ಡಿಗ್ರಿ ಇದ್ದಾಗ ನಮ್ಮ ಪಡಸಾಲೆಯ ತೇವ ಅಳೆಯುವ ಗಡಿಯಾರ ಶೇಕಡಾ 18 ತೋರಿಸಿದ್ದನ್ನು ನೋಡಿದ್ದೇನೆ. ಕೂಲರ್ ಹಚ್ಚಿ ಒಂದು ತಾಸಿಗೆ 50 ದಾಟಿತು. ಕ್ಯಾಲಥಿಯಾಕ್ಕೆ 50ಕ್ಕಿಂತ ಮೇಲಿದ್ದರೆ ಚೆನ್ನ.

ಅಂದರೆ ಕೂಲರಿನ ಟ್ಯಾಂಕಿನ ನೀರು ವಿಷ, ಅದರ ಗಾಳಿ ಔಷಧ. ಆದರೆ ಗಾಳಿ ನೇರವಾಗಿ ಎಲೆಗೆ ಹೊಡೆಯಬಾರದು. ಅದೇ ಕೋಣೆಯಲ್ಲಿ, ಒಂದು ಬದಿಗೆ, ಎಲೆ ಅಲುಗಾಡದ ಮೂಲೆಯಲ್ಲಿ ಇಡಿ. ಎಸಿ ಕೋಣೆ ಇದಕ್ಕೆ ಉಲ್ಟಾ, ಅದು ಗಾಳಿಯನ್ನು ಇನ್ನೂ ಒಣಗಿಸುತ್ತದೆ. ಎಲೆಗೆ ನೀರು ಚಿಮುಕಿಸುವುದನ್ನು ನಾನು ಬಿಟ್ಟಿದ್ದೇನೆ. ನಮ್ಮ ಧಗೆಗೆ ಅದು ಕೆಲವೇ ನಿಮಿಷದಲ್ಲಿ ಆರುತ್ತದೆ. ಬೋರ್ ನೀರು ಚಿಮುಕಿಸಿದರೆ ಎಲೆಯ ಮೇಲೆ ಬಿಳಿ ಚುಕ್ಕೆ ಬೇರೆ. ಅದಕ್ಕಿಂತ ನಾಲ್ಕೈದು ಗಿಡಗಳನ್ನು ಒತ್ತಾಗಿ ಇಡುವುದು, ಸಂಜೆ ಪರಸಿಗೆ ನೀರು ಹೊಡೆಯುವುದು ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಹಳೆಯ ಮೀನಿನ ಗಾಜಿನ ಪೆಟ್ಟಿಗೆ ಇದ್ದರೆ ಮೇ ತಿಂಗಳ ಮಟ್ಟಿಗೆ ಸಣ್ಣ ಗಿಡವನ್ನು ಅದರೊಳಗೆ ಇಟ್ಟುಬಿಡಿ.

ಎಲೆ ಬೀಡಿಯ ಹಾಗೆ ಸುತ್ತಿಕೊಂಡರೆ

ಇಲ್ಲಿ ಕುಂಡದ ಭಾರವೇ ತೀರ್ಪು. ಹಗುರ ಇದ್ದರೆ ನೀರಡಿಕೆ. ಆದರೆ ಮೇಲಿಂದ ಸುರಿದರೆ ಸಾಲದು. ಕುಂಡದಲ್ಲಿರುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನೀರು ಕುಂಡದ ಗೋಡೆ ಹಿಡಿದು ಇಳಿದು ತೂತಿನಿಂದ ಓಡಿಹೋಗುತ್ತದೆ. ನಾವು ನೀರಾಯಿತು ಅಂದುಕೊಳ್ಳುತ್ತೇವೆ, ಬೇರು ಒಣಗೇ ಇರುತ್ತದೆ. ಬಕೆಟ್ಟಿನಲ್ಲಿ ಕುಂಡದ ಅರ್ಧ ಎತ್ತರಕ್ಕೆ ನೀರು ಹಾಕಿ ಕುಂಡವನ್ನು ಅರ್ಧ ತಾಸು ಕೂರಿಸಿ. ಸಂಜೆಯೊಳಗೆ ಎಲೆ ಬಿಚ್ಚಿಕೊಂಡರೆ ಕೆಲಸ ಮುಗಿಯಿತು.

ಕುಂಡ ಭಾರ ಇದ್ದು, ಮಣ್ಣು ಒದ್ದೆ ಇದ್ದೂ ಎಲೆ ಸುತ್ತಿದ್ದರೆ ನೀರು ಮುಟ್ಟಬೇಡಿ. ಹೆಚ್ಚಾಗಿ ಬೇರು ಕೆಟ್ಟಿರುತ್ತದೆ. ಕುಡಿಯಲು ಅದಕ್ಕೆ ಬಾಯಿಲ್ಲ.

ಕೆಳಗಿನ ಎಲೆ ಹಳದಿ, ಬುಡ ಮೆತ್ತಗೆ

ಇದು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ರೂಢಿಯಾದ ಅಳತೆಯಲ್ಲೇ ಮಳೆಗಾಲದಲ್ಲೂ ನೀರು ಹಾಕುತ್ತೇವೆ. ಗಿಡ ಅಷ್ಟು ಕುಡಿಯುವುದಿಲ್ಲ. ಒಂದೇ ಒಂದು ಹಳೆಯ ಎಲೆ ಹಳದಿಯಾದರೆ ಸುಮ್ನೆ ಬಿಡಿ, ಅದರ ಕಾಲ ಮುಗಿದಿರುತ್ತದೆ. ಎರಡು ಮೂರು ಒಟ್ಟಿಗೆ ಆದರೆ ಕುಂಡದಿಂದ ಹೊರಗೆ ತೆಗೆಯಲೇಬೇಕು. ಹೆದರಬೇಡಿ.

ಒಳ್ಳೆಯ ಬೇರು ಬೆಳ್ಳಗೆ ಅಥವಾ ಕೆನೆ ಬಣ್ಣಕ್ಕಿರುತ್ತದೆ, ಹಿಡಿದರೆ ಗಟ್ಟಿ. ಕೊಳೆತ ಬೇರು ಕಂದು, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಬೇರಿನಲ್ಲಿ ಸಣ್ಣ ಆಲೂಗಡ್ಡೆಯಂಥ ಗಂಟುಗಳು ಕಂಡರೆ ಅದು ರೋಗ ಅಲ್ಲ. ಗಿಡ ನೀರು ಕೂಡಿಡುವ ಜಾಗ ಅದು. ಗೊತ್ತಿಲ್ಲದೆ ಮೊದಲ ಸಲ ಅವನ್ನೆಲ್ಲ ಕಿತ್ತು ಹಾಕಿದ್ದೆ, ಈಗಲೂ ನೆನಪಾದರೆ ಬೇಸರವಾಗುತ್ತದೆ.

ಇನ್ನೊಂದು ಕಡೆ ಕಣ್ಣಿಡಿ. ನನ್ನ ಎರಡು ಗಿಡಗಳ ಬೇರಿನ ನಡುವೆ ಮುಷ್ಟಿಯಷ್ಟು ಕೆಂಪು ಜೇಡಿಮಣ್ಣಿನ ಉಂಡೆ ಇತ್ತು. ನರ್ಸರಿಯಲ್ಲಿ ಬೇರಿಗೆ ಮೆತ್ತಿ ಕಳಿಸಿದ್ದು. ಹೊರಗಿನ ಕೋಕೋಪೀಟ್ ಒಣಗಿದರೂ ಆ ಉಂಡೆ ವಾರಗಟ್ಟಲೆ ಹಸಿಯಾಗಿರುತ್ತದೆ. ಬೇರು ಅದರೊಳಗೇ ಉಸಿರುಕಟ್ಟುತ್ತದೆ. ಬೆರಳಿಗೆ ಅದು ಸಿಗುವುದಿಲ್ಲ. ನೀರಿನ ಬಕೆಟ್ಟಿನಲ್ಲಿ ನೆನೆಸಿ, ಬೆರಳಿನಿಂದ ಮೆಲ್ಲಗೆ ಕರಗಿಸಿ ತೆಗೆಯಿರಿ. ಗಿಡ ತಂದ ಎರಡು ವಾರದ ಮೇಲೆ, ಅದು ಮನೆಗೆ ಹೊಂದಿಕೊಂಡ ಮೇಲೆ, ಇದನ್ನು ಮಾಡಿಬಿಡುವುದು ಒಳ್ಳೆಯದು.

ಕೊಳೆತದ್ದನ್ನು ಸ್ವಚ್ಛ ಕತ್ತರಿಯಿಂದ ತೆಗೆದು ಹೊಸ ಮಣ್ಣಿಗೆ ಹಾಕಿ. ನಮ್ಮ ಎರೆಮಣ್ಣು ತೊಗರಿಗೆ ಬಂಗಾರ, ಕುಂಡಕ್ಕೆ ಬೇಡ. ನೆನೆದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ನಾನು ಹಾಕುವುದು ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಅರ್ಧ ಪಾಲು ಎರೆಗೊಬ್ಬರ. ಪರ್ಲೈಟ್ ಸಿಗದಿದ್ದರೆ ಕಡಲೆಕಾಳಿನಷ್ಟು ಇಟ್ಟಿಗೆ ಚೂರು ನಡೆಯುತ್ತದೆ. ಕೋಕೋಪೀಟ್ ಇಟ್ಟಿಗೆಯಲ್ಲೇ ಉಪ್ಪಿರುತ್ತದೆ, ಹಿಂಡಿದ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಬೇರು ಕಡಿಮೆಯಾಗಿದ್ದರೆ ಕುಂಡವೂ ಚಿಕ್ಕದಿರಲಿ.

ಎಲೆಯ ಮೇಲೆ ಧೂಳಿನಂಥ ಚುಕ್ಕೆ

ಎಲೆ ಬಣ್ಣಗೆಟ್ಟು, ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕೆ ಬಿದ್ದಿದ್ದರೆ ಬಿಳಿ ಕಾಗದ ತನ್ನಿ. ಎಲೆಯ ಕೆಳಗೆ ಹಿಡಿದು ಎರಡು ಸಲ ತಟ್ಟಿ. ಬಿದ್ದ ಕಣಗಳನ್ನು ಉಸಿರು ಬಿಗಿಹಿಡಿದು ನೋಡಿ. ಧೂಳಾದರೆ ಬಿದ್ದಲ್ಲೇ ಇರುತ್ತದೆ. ನುಸಿಯಾದರೆ ಸ್ವಲ್ಪ ಹೊತ್ತಿಗೆ ನಡೆಯಲು ಶುರು ಮಾಡುತ್ತದೆ. ತೊಟ್ಟಿನ ಸಂದಿಯಲ್ಲಿ ಸಣ್ಣ ಬಲೆಯೂ ಇರಬಹುದು. ಇದು ಕೆಂಪು ನುಸಿ, ಜೇಡದ ಬಳಗ, ಎಂಟು ಕಾಲು. ಒಣ ಸೆಕೆ ಇದಕ್ಕೆ ಹಬ್ಬ. 30 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ವಾರ ಹತ್ತು ದಿನ ಸಾಕು.

ಮೊದಲು ಬಚ್ಚಲಲ್ಲಿ ಎಲೆಯ ಬೆನ್ನು ತೊಳೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕೈದು ಹನಿ ಸೋಪಿನ ನೀರು ಕಲಸಿ ಒಂದು ಎಲೆಗೆ ಹಚ್ಚಿ ಎರಡು ದಿನ ನೋಡಿ. ಸುಡದಿದ್ದರೆ ಸಂಜೆ ಹೊತ್ತು ಎಲ್ಲ ಎಲೆಗೂ ಹೊಡೆಯಿರಿ. ಐದು ದಿನಕ್ಕೊಮ್ಮೆ ನಾಲ್ಕು ಸಲ ಮಾಡಲೇಬೇಕು. ಎಣ್ಣೆಗೆ ಮೊಟ್ಟೆ ಪೂರ್ತಿ ಸಾಯುವುದಿಲ್ಲ. ಹೊಲಕ್ಕೆ ತಂದ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಮನೆಯಲ್ಲಿದೆ ಅಂತ ಅದನ್ನು ಹೊಡೆಯಬೇಡಿ. ಅದು ಹುಳಕ್ಕೆ, ನುಸಿಗೆ ಅಲ್ಲ. ಅದನ್ನು ಹೊಡೆದ ಮೇಲೆ ನುಸಿ ಹೆಚ್ಚಾಗುವುದೂ ಉಂಟು.

ಉಳಿದವು

ಎಲೆಯ ನಡುವೆ ಬಿಳಿಚಿದ, ಕಾಗದದಂಥ ಕಲೆ ಇದ್ದರೆ ಬಿಸಿಲು ಬಿದ್ದಿದೆ. ಪಶ್ಚಿಮದ ಕಿಟಕಿ ಬೇಡ, ಪೂರ್ವದ ಕಿಟಕಿಗೆ ತೆಳು ಪರದೆ ಹಾಕಿ ಮೂರು ನಾಲ್ಕು ಅಡಿ ದೂರ ಇಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಸುಣ್ಣದ ನೀರಿನಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಸಿಗುತ್ತಿಲ್ಲ. ನೀರು ಬದಲಿಸಿ, ಮಣ್ಣು ಬದಲಿಸಿ, ಅದೇ ದೊಡ್ಡ ಔಷಧ. ಮಣ್ಣಿನ ಮೇಲೆ ಸಣ್ಣ ಕರಿ ನೊಣ ಹಾರಿದರೆ ಮೇಲಿನ ಒಂದು ಇಂಚು ಒಣಗಲು ಬಿಡಿ, ಅಷ್ಟೇ. ಬೀದರಿನವರು ಡಿಸೆಂಬರ್, ಜನವರಿಯಲ್ಲಿ ರಾತ್ರಿ ಕಿಟಕಿ ಹತ್ತಿರದಿಂದ ಒಳಗೆ ಸರಿಸಬೇಕು. 15 ಡಿಗ್ರಿಗಿಂತ ಕೆಳಗೆ ಇದು ಜೋತು ಬೀಳುತ್ತದೆ.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡುತ್ತಾ ದಿನಕ್ಕೊಂದು ಔಷಧ ಬದಲಿಸಬೇಡಿ. ಕಣ್ಣಿಗೆ ಹಿಂಸೆ ಅನಿಸಿದರೆ ಎಲೆಯ ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಒಣ ಅಂಚಿನ ಒಂದು ಗೆರೆ ಉಳಿಸಿ. ಹಸಿರಿಗೆ ಕತ್ತರಿ ತಾಗಿದರೆ ಅಲ್ಲಿಂದ ಮತ್ತೆ ಒಣಗುತ್ತದೆ. ಮಾಡಿದ್ದು ಸರಿಯೋ ತಪ್ಪೋ ಅಂತ ಹೇಳುವುದು ಮುಂದಿನ ಹೊಸ ಎಲೆ. ಅಕ್ಕನ ಗಿಡಕ್ಕೆ ಅದು ಬರಲು ಐದು ವಾರ ಹಿಡಿಯಿತು.

ಮಳೆ ನೀರು ಹಿಡಿದಿಡುವ ಲೆಕ್ಕ ಹೇಳಿಬಿಡುತ್ತೇನೆ. ನನ್ನ ಎರಡು ಗಿಡಕ್ಕೆ ವಾರಕ್ಕೆ ಎರಡು ಲೀಟರ್ ಸಾಕು. ಅಕ್ಟೋಬರಿನಿಂದ ಮೇ ಕೊನೆಯವರೆಗೆ ಸುಮಾರು 35 ವಾರ, ಅಂದರೆ 70 ಲೀಟರ್. ಇಪ್ಪತ್ತು ಲೀಟರಿನ ನಾಲ್ಕು ಕ್ಯಾನ್. ಮೊದಲ ಎರಡು ಮಳೆ ಮಾಳಿಗೆಯ ಧೂಳು ತೊಳೆಯಲಿ, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ತುಂಬಿ. ಸೊಳ್ಳೆ ಹೋಗದ ಹಾಗೆ ಮುಚ್ಚಳ ಬಿಗಿಯಿರಿ, ನೆರಳಲ್ಲಿಡಿ. ನಮ್ಮ ಮನೆಯಲ್ಲಿ ಅವು ಮಾಳಿಗೆ ಮೆಟ್ಟಿಲ ಕೆಳಗೆ ಸಾಲಾಗಿ ಕೂತಿವೆ. ನಾಲ್ಕರ ಮೇಲೂ ಅವ್ವ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ: "ಗಿಡದ ನೀರು. ಯಾರೂ ಮುಟ್ಟಬ್ಯಾಡ್ರಿ."